ಐದು ಮರಿ ಹಾಕಿದ ಚುಕ್ಕಿನ ಮತ್ತ ಸವಾರಿಗಿ ತಯಾರ ಮಾಡಿದ್ದು – ನನ್ನ ಅನುಭವ

ಚುಕ್ಕಿ ನಮ್ಮ ಅಂಗಳಕ್ಕ ಬಂದ ದಿನ ನೋಡ್ಲಾಕ ಬಂದೋರೆಲ್ಲಾ ಒಂದೇ ಮಾತು ಅಂದ್ರು, "ಏನ್ ದಪ್ಪ ಆಗ್ಯದೋ ಕುದುರಿ, ಮೇವು ಅರ್ಧಾ ಮಾಡು, ದಿನಾ ಓಡಿಸು, ತಾನೇ ಇಳಿತದ". ಒಂದ್ ನಾಲ್ಕ್ ದಿನ ನಾನೂ ಹಂಗೇ ತಿಳ್ಕೊಂಡಿದ್ದೆ. ಐದನೇ ದಿನ ಖರಾರಾ ಹಚ್ಚಿ ಮೈ ತಿಕ್ಕುವಾಗ ಬೆನ್ನಿನ ಮ್ಯಾಲ ಅಂಗೈ ಇಟ್ಟು ನೋಡ್ದೆ, ನಡು ಎಲುಬು ಮನಿ ಮಾಳ್ಗಿ ತೊಲಿ ಹಂಗ ಕೈಗಿ ಹತ್ತಲಕತ್ತು, ಎರಡೂ ಕಡಿ ಮಾಂಸ ಇಳಿದು ತಗ್ಗು ಬಿದ್ದಿತ್ತು, ಸೊಂಟದ ಎಲುಬು ಎದ್ದು ನಿಂತಿತ್ತು, ಪಕ್ಕಡಿ ಎಣಿಸ್ಬಹುದಿತ್ತು. ಕೆಳಗ ನೋಡಿದ್ರ ಹೊಟ್ಟಿ ಮಾತ್ರ ಕೊಡ ಕಟ್ಟಿದಂಗ ಜೋತಾಡ್ತಿತ್ತು. ಅವತ್ತು ತಿಳಿತು, ಈ ಕುದುರಿ ದಪ್ಪ ಆಗಿಲ್ಲ, ಹಸಿದದ ಅಂತ. ಮೇವು ಅರ್ಧಾ ಮಾಡೋ ಮಾತು ಅಲ್ಲೇ ಬಿಟ್ಟೆ. ಈ ಒಂದು ವಿಷಯ ಹೇಳ್ಬೇಕಂತಲೇ ಇಷ್ಟೆಲ್ಲಾ ಬರಿಲಕತ್ತೀನಿ, ಯಾಕಂದ್ರ ಮರಿ ಹಾಕಿದ ಹೆಣ್ಣು ಕುದುರಿ ತಗೊಂಡೋರು ಭಾಳ ಮಂದಿ ಹೊಟ್ಟಿ ನೋಡಿ ಮೋಸ ಹೋಗ್ತಾರ.

ನಮ್ಮೂರು ಬೀದರ್ ಹತ್ರ, ಕೆಂಪು ಜಂಬಿಟಗಿ ದಿಬ್ಬದ ಅಂಚಿನ ಮ್ಯಾಲ. ಮ್ಯಾಲ ಕೆಂಪು ನೆಲ, ಕೆಳಗ ಇಳಿದ್ರ ಎರಿ ಹೊಲ, ಮುಂದ ಮಾಂಜ್ರಾ ನದಿ ಕಡಿ ಹಾದಿ. ನಮ್ಮ ಮುತ್ಯಾ ಕುದುರಿ ಸಾಕಿದ್ರು, ಮೈಲಾರ ಮಲ್ಲಣ್ಣನ ಒಕ್ಕಲು ನಾವು, ಮನ್ಯಾಗ ಕುದುರಿ ಇರ್ಬೇಕು ಅನ್ನೋ ಆಸೆ ನನಗ ಸಣ್ಣಂದಿನಿಂದ ಇತ್ತು. ನಾಂದೇಡ ಜಿಲ್ಲಾದ ಮಾಳೆಗಾಂವ್ ಖಂಡೋಬಾ ಜಾತ್ರ್ಯಾಗ ಡಿಸೆಂಬರ್ ಹೊತ್ತಿಗಿ ದೊಡ್ಡ ಕುದುರಿ ಸಂತಿ ಕೂಡ್ತದ, ಅಲ್ಲಿಂದ ತಂದಿದ್ದು ಈಕಿನ್ನ. ಮಾರವಾಡಿ ತಳಿ, ಕುಮೈತ್ ಬಣ್ಣ (ಕೆಂಗಂದು ಮೈ, ಕರಿ ಜೂಲು), ಹಣಿ ಮ್ಯಾಲ ಬಿಳಿ ಚುಕ್ಕಿ, ವಯಸ್ಸು 13. ಎಂಟು ವರ್ಷದಾಗ ಐದು ಮರಿ. ಕುದುರಿ ಗಬ್ಬ ಅಂದ್ರ ಹನ್ನೊಂದು ತಿಂಗಳು, ಮ್ಯಾಲ ಐದಾರು ತಿಂಗಳು ಹಾಲು, ಮರಿ ಹಾಕಿ ಹತ್ತು ದಿನ ಆಗೋದ್ರೊಳಗ ಮತ್ತ ಬೆದಿಗಿ ಬರ್ತದ, ಬಂದ ಕೂಡ್ಲೇ ಮತ್ತ ಗಂಡು ಕುದುರಿ ಬಿಡ್ತಾರ. ಅಂದ್ರ ಒಂದ್ ಮರಿ ಹಾಲು ಕುಡಿವಾಗ ಇನ್ನೊಂದು ಹೊಟ್ಯಾಗ. ಇಷ್ಟೂ ವರ್ಷ ಜೀನು ಬಿದ್ದಿಲ್ಲ, ಗೂಟದ ಸುತ್ತ ನಿಂತಿದ್ದೇ ನಿಂತಿದ್ದು. ಕಡೀ ಸಲ ಗಬ್ಬ ನಿಲ್ಲಲಿಲ್ಲ, ಅದಕ ಸಂತಿಗಿ ತಂದಿದ್ರು. ಆಕಿ ಮುಖ ನೋಡಿ ನನಗ ಬಿಟ್ಟು ಬರ್ಲಾಕ ಆಗ್ಲಿಲ್ಲ.

ಮೊದ್ಲಿನ ಹತ್ತು ದಿನ ಓಡ್ಸೋದು ಕುಣ್ಸೋದು ಏನೂ ಮಾಡ್ಲಿಲ್ಲ. ಬೀದರ್ ನಂದಿನಗರದ ವೆಟರ್ನರಿ ಕಾಲೇಜಿಗಿ ಒಯ್ದೆ, ನಮ್ಮ ಭಾಗದೋರಿಗಿ ಅದು ಹತ್ರ ಇರೋದು ದೊಡ್ಡ ಅನುಕೂಲ. ರಕ್ತ ನೋಡಿಸ್ದೆ, ಯಾಕಂದ್ರ ಸರ್ರಾ ಅನ್ನೋ ರಕ್ತದ ರೋಗ ಇದ್ರ ಎಷ್ಟೇ ತಿನ್ಸಿದ್ರೂ ಮೈ ಹತ್ತಲ್ಲ, ಅದು ಕಚ್ಚೋ ನೊಣದಿಂದ ಹರಡ್ತದ, ಜಾನುವಾರು ಇರೋ ಊರಾಗ ಅಂಜಿಕಿ ಇದ್ದೇ ಇರ್ತದ. ಸಗಣಿ ನೋಡಿಸ್ದೆ, ಜಂತಿನ ತತ್ತಿ ಸಿಕ್ವು, ಔಷಧ ಕೊಟ್ರು. ಹಲ್ಲು ನೋಡಿಸ್ದೆ. ಇದು ಭಾಳ ಮಂದಿ ಬಿಡ್ತಾರ. ಕುದುರಿ ಹಲ್ಲು ಜೀವನಪೂರ್ತಿ ಮ್ಯಾಲ ಬರ್ತಾನೇ ಇರ್ತಾವ, ತಿಕ್ಕಿ ತಿಕ್ಕಿ ದವಡಿ ಹಲ್ಲಿನ ಅಂಚು ಚಾಕು ಹಂಗ ಚೂಪ ಆಗಿ ಗಲ್ಲ ನಾಲಿಗಿ ಕೊಯ್ತಾವ. ಈಕಿ ಅರ್ಧಾ ಅಗಿದ ಹುಲ್ಲಿನ ಉಂಡಿ ಕೆಳಗ ಉಗುಳ್ತಿದ್ಳು, ಸಗಣ್ಯಾಗ ಕಾಳು ಇಡೀದು ಬರ್ತಿತ್ತು. ಡಾಕ್ಟರ್ ರೇತಿ (ಹಲ್ಲು ತಿಕ್ಕೋ ಅರ) ಹಾಕಿ ಅಂಚು ಸಮ ಮಾಡಿದ್ರು, ಎರಡೇ ದಿನಕ್ಕ ಉಂಡಿ ಬೀಳೋದು ನಿಂತು. ಧನುರ್ವಾಯು ಇಂಜೆಕ್ಷನ್ನೂ ಅವತ್ತೇ ಆಯ್ತು. ಕುದುರಿಗಿ ನಾಲು ಬಡಿಯೋ ನಾಲಬಂದ ಚಾಚಾ ಬಂದು ಗೊರಸು ಕೆತ್ತಿದ್ರು, "ಬೇಟಾ, ಮುಂಗಾಲಿನ ಉಗುರು ಇಷ್ಟು ಉದ್ದ ಬಿಟ್ರ ನರ ಎಳಿತದ, ಐದಾರು ವಾರಕ್ಕೊಮ್ಮಿ ತಪ್ಪದೇ ಕರಿ" ಅಂದ್ರು, ಅವತ್ತಿಂದ ಒಮ್ಮಿನೂ ತಪ್ಸಿಲ್ಲ. ನಾಲು ಮಾತ್ರ ಆಗ ಹಾಕ್ಸಲಿಲ್ಲ.

ತೂಕದ ಕಾಟಾ ಎಲ್ಲಿಂದ ತರ್ಬೇಕು, ಟೇಪ್ ಸಾಕು. ಮುಂಗಾಲಿನ ಹಿಂದ ಎದಿ ಸುತ್ತಳತಿ ಸೆಂಟಿಮೀಟರ್‌ನಾಗ ತಗೋರಿ, ಅದನ್ನ ಅದಕ್ಕೇ ಗುಣಿಸ್ರಿ, ಬಂದಿದ್ದನ್ನ ಹೆಗಲಿನ ಮೂಲಿಯಿಂದ ಕುಂಡಿ ಎಲುಬಿನ ತನಕ ಇರೋ ಉದ್ದದಿಂದ ಗುಣಿಸ್ರಿ, 11880 ದಿಂದ ಭಾಗಿಸ್ರಿ, ಹತ್ರ ಹತ್ರ ಕಿಲೋ ಸಿಗ್ತದ. ಚುಕ್ಕಿದು ಎದಿ 165, ಉದ್ದ 150, ಅಂದ್ರ 344 ಕಿಲೋ. ಇದರ ಜೋಡಿ ಹೊಟ್ಟಿ ಎಲ್ಲಿ ಭಾಳ ಅಗಲ ಅದನೋ ಅಲ್ಲಿ ಬೇರೆ ಅಳತಿ ತಗೊಂಡೆ, 201 ಬಂತು. ಎರಡೂ ಗ್ವಾಡಿ ಕ್ಯಾಲೆಂಡರ್ ಮ್ಯಾಲ ಬರ್ದಿಟ್ಟೆ, ಪ್ರತಿ ತಿಂಗಳು ಒಂದನೇ ತಾರೀಖಿಗಿ ಅಳತಿ, ಅದೇ ಜಾಗದಾಗ ನಿಲ್ಲಿಸಿ ಬಾಜೂದಿಂದ ಒಂದು ಫೋಟೋ. ಕಣ್ಣು ದಿನಾ ನೋಡಿ ನೋಡಿ ಬದಲಾವಣಿ ಹಿಡಿಯಲ್ಲ, ಫೋಟೋ ಹಿಡಿತದ.

ಇನ್ನ ಮೇವು. ಆಕಿಗಿ ಅಲ್ಲಿ ಹಾಕ್ತಿದ್ದದ್ದು ಜ್ವಾಳದ ಕಣಕಿ ಹೊಟ್ಟಿ ತುಂಬ, ಎರಡ್ ಹೊತ್ತು ಗೋಧಿ ಬೂಸಾ, ಬೆಲ್ಲ. ಕಣಕಿ ಕೆಟ್ಟದ್ದಂತ ಅಲ್ಲ, ಖರೇ ಅದರಾಗ ಪ್ರೋಟೀನ್ ಭಾಳ ಕಡಿಮಿ, ನಾರು ಒರಟು. ಕುದುರಿ ಎಮ್ಮಿ ಹಂಗ ಮೆಲಕು ಹಾಕಲ್ಲ, ಅದರ ನಾರು ಕೊಳಿಯೋದು ಹಿಂದಿನ ದೊಡ್ಡ ಕರುಳಿನಾಗ, ಒರಟು ಮೇವು ಅಲ್ಲಿ ದಿನಗಟ್ಟಲೆ ಕೂಡ್ತದ, ಹೊಟ್ಟಿ ಉಬ್ಬಿ ಕಾಣ್ತದ, ಐದು ಮರಿ ಹೊತ್ತು ಜಗ್ಗಿದ ಹೊಟ್ಟಿ ಸ್ನಾಯುಕ್ಕ ಅದನ್ನ ಎತ್ತಿ ಹಿಡಿಯೋ ಶಕ್ತಿ ಇರಲ್ಲ. ಮ್ಯಾಲ ಬೆನ್ನಿಗಿ ಮಾಂಸ ಕಟ್ಲಾಕ ಬೇಕಾಗೋ ಪ್ರೋಟೀನ್, ಅದರಾಗೂ ಲೈಸಿನ್ ಅನ್ನೋದು, ಸಿಗಲ್ಲ. ಕೆಳಗ ಉಬ್ಬು, ಮ್ಯಾಲ ತಗ್ಗು, ಎರಡಕ್ಕೂ ಕಾರಣ ಒಂದೇ. ಮೇವು ಅರ್ಧಾ ಮಾಡಿದ್ರ ಬೆನ್ನು ಇನ್ನೂ ಇಳಿತಿತ್ತು.

ಹಂಗಾಗಿ ದಿನಕ್ಕ ಮೈ ತೂಕದ ನೂರಕ್ಕ ಎರಡು ಪಾಲು ಒಣ ಲೆಕ್ಕದಾಗ (ಹಸಿ ಮೇವಿನ ನೀರಿನಂಶ ಬಿಟ್ಟು), ಅಂದ್ರ ಏಳು ಕಿಲೋ ಸುಮಾರು ಮೇವು ಹೊಂದ್ಸಿದೆ. ಐದು ಕಿಲೋ ಒಳ್ಳೆ ಒಣ ಹುಲ್ಲು, ಒಂದು ಕಿಲೋ ಕತ್ತರ್ಸಿದ ಕಣಕಿ, ಉಳಿದದ್ದು ಹಸಿ ಕುದುರಿ ಮೆಂತ್ಯ. ಹೆಸರೇ ಕುದುರಿ ಮೆಂತ್ಯ, ಮಂದಿ ಲೂಸರ್ನ್ ಅಂತಾರ, ಬಾಜೂ ಹೊಲದೋರು ಬೋರಿನ ನೀರಿನ ಮ್ಯಾಲ ಎಮ್ಮಿಗಿ ಹಾಕಿದ್ರು, ಅವರ ಹತ್ರ ತಗೊಂಡೆ. ಅದರಾಗ ಪ್ರೋಟೀನೂ ಅದ, ಸುಣ್ಣದಂಶನೂ ಅದ. ಬೂಸಾ ಮಾತ್ರ ಮುಷ್ಟಿಯಷ್ಟಕ್ಕ ಇಳಿಸ್ದೆ, ಬೂಸಾದಾಗ ರಂಜಕ ಭಾಳ, ಸುಣ್ಣ ಕಡಿಮಿ, ವರ್ಷಾನುಗಟ್ಟಲೆ ಅದೇ ತಿಂದ್ರ ಮೈಯಾಗಿನ ಎಲುಬಿನಿಂದಾನೇ ಸುಣ್ಣ ಎಳ್ಕೊಂತದ, ಮಾರಿ ಎಲುಬು ಬಾಯ್ತದ. ಹಾಲು ಕೊಟ್ಟ ಕುದುರಿಗಿ ಇದು ಇನ್ನೂ ಅಪಾಯ. ಕಾಳಿನಾಗ ರಾತ್ರಿ ನೆನಸಿದ ಕಡ್ಲಿ ಅರ್ಧಾ ಕಿಲೋ, ಜವಿಗೋಧಿ ಅರ್ಧಾ ಕಿಲೋ, ಸೋಯಾ ಹಿಂಡಿ 300 ಗ್ರಾಂ, ಕುದಿಸಿದ ಅಗಸಿ ಒಂದ್ ಹಿಡಿ. ಸೋಯಾ ನಮ್ಮ ಬೀದರ್ ಜಿಲ್ಲಾದಾಗ ಹೊಲ ಹೊಲಕ್ಕ ಬೆಳಿತಾರ, ಖರೇ ಹಸಿ ಸೋಯಾ ಕಾಳು ಹಾಕ್ಬ್ಯಾಡ್ರಿ, ಅದು ಪ್ರೋಟೀನ್ ಪಚನ ಆಗ್ಲಾಕ ಬಿಡಲ್ಲ, ಮಿಲ್ಲಿನಾಗ ಕಾಯಿಸಿ ಬಂದ ಹಿಂಡಿನೇ ಆಗ್ಬೇಕು. ಇದನ್ನೆಲ್ಲಾ ಮೂರು ಹೊತ್ತಿಗಿ ಹಂಚಿ ತೋಬ್ರಾದಾಗ, ಅಂದ್ರ ಬಾಯಿಗಿ ಕಟ್ಟೋ ಚೀಲದಾಗ, ಕಟ್ತೀವಿ, ಕುದುರಿ ಹೊಟ್ಟಿ ಚೀಲ ಸಣ್ಣದು, ಒಮ್ಮಿಗೇ ಕಾಳು ಸುರಿಬಾರ್ದು. ಉಪ್ಪು 30 ಗ್ರಾಂ. ಬೆಲ್ಲ ಬಂದ್.

ಎರಡು ಎಚ್ಚರಿಕಿ ಇಲ್ಲೇ ಹೇಳ್ತೀನಿ, ದಯವಿಟ್ಟು ಲಕ್ಷ್ಯ ಕೊಡ್ರಿ. ಎಮ್ಮಿ, ಕೋಳಿಗಿ ಬರೋ ರೆಡಿಮೇಡ್ ಫೀಡ್ ಕುದುರಿಗಿ ಹಾಕ್ಲೇಬ್ಯಾಡ್ರಿ, ಕೆಲವೊಂದ್ರಾಗ ಮೊನೆನ್ಸಿನ್ ಅನ್ನೋ ಔಷಧ ಇರ್ತದ, ಎಮ್ಮಿಗಿ ಏನೂ ಆಗಲ್ಲ, ಕುದುರಿಗಿ ಸ್ವಲ್ಪೇ ಸ್ವಲ್ಪ ಹೋದ್ರೂ ಹೃದಯ ಕೆಡ್ತದ, ಜೀವ ಹೋಗ್ತದ. ಇನ್ನೊಂದು, ಹಸಿ ಜ್ವಾಳ. ಎಳಿ ಜ್ವಾಳದ ವಿಷ ನಮ್ಮ ರೈತರಿಗಿ ಗೊತ್ತದ, ಖರೇ ಕುದುರಿಗಿ ಬೆಳೆದ ಹಸಿ ಜ್ವಾಳನೂ ದಿನಾ ಮೇಯಿಸಿದ್ರ ಉಚ್ಚಿ ಚೀಲ ಬಾತು ಹಿಂದಿನ ಕಾಲು ತೂರಾಡ್ತಾವ, ಅದು ವಾಪಸ್ ಸುಧಾರಿಸೋದು ಕಷ್ಟ.

ನನ್ನಿಂದ ಒಂದು ತಪ್ಪಾಯ್ತು. ಹೊಸ ಮೇವು ಮೂರು ವಾರದಾಗ ಮೆಲ್ಲಗ ಏರಿಸ್ಬೇಕಂತ ಗೊತ್ತಿತ್ತು, ಆದ್ರ ಆಕಿ ಕುದುರಿ ಮೆಂತ್ಯ ನೋಡಿ ಕೆನಿಯೋದು ನೋಡಿ ಮನಸ್ಸು ಕರಗಿ ಎಂಟನೇ ದಿನಕ್ಕೇ ಐದು ಕಿಲೋ ಹಾಕ್ಬಿಟ್ಟೆ. ಅವತ್ತು ರಾತ್ರಿ ಹತ್ತಕ್ಕ ನೋಡಿದ್ರ ಚುಕ್ಕಿ ನೆಲ ಕೆರಿತಾಳ, ಹೊಳ್ಳಿ ಹೊಳ್ಳಿ ಹೊಟ್ಟಿ ಕಡಿ ನೋಡ್ತಾಳ, ಮಲಗ್ತಾಳ ಏಳ್ತಾಳ. ಡಾಕ್ಟರಿಗಿ ಫೋನ್ ಹಚ್ಚಿ ಅವರು ಬರೋ ತನಕ ಮೆಲ್ಲಗ ನಡೆಸ್ತಾ ಇದ್ದೆ, ಹೆಂಡ್ತಿ ಕಂದೀಲು ಹಿಡ್ಕೊಂಡು ಜೋಡಿ ಬಂದ್ಳು, ಕರೆಂಟ್ ಇರ್ಲಿಲ್ಲ. ಇಂಜೆಕ್ಷನ್ ಆಗಿ ರಾತ್ರಿ ಎರಡಕ್ಕ ಸಗಣಿ ಹಾಕಿದಾಗ ನಮ್ಮ ಜೀವಕ್ಕ ಜೀವ ಬಂತು. ಅವತ್ತಿಂದ ಏನೇ ಹೊಸದು ಇದ್ರೂ ದಿನಕ್ಕ ಕಾಲು ಕಿಲೋ ಲೆಕ್ಕದಾಗೇ ಏರ್ಸೋದು.

ನಡಸೋದು ಜನವರಿ ನಡುವ ಶುರು ಮಾಡ್ದೆ. ಮೊದ್ಲಿನ ಮೂರು ವಾರ ಬರೇ ಕೈಯಾಗ ಹಗ್ಗ ಹಿಡಿದು ನಡಿಗಿ, ಇಪ್ಪತ್ತು ನಿಮಿಷದಿಂದ ಮುಕ್ಕಾಲು ತಾಸಿನ ತನಕ, ಸಪಾಟ ಹಾದಿ. ಸುಮ್ನ ಅಡ್ಡಾಡೋದಲ್ಲ, ಹಿಂಗಾಲು ಮುಂಗಾಲಿನ ಹೆಜ್ಜಿ ಗುರ್ತು ದಾಟಿ ಬೀಳೋ ಹಂಗ ಜೋರು ನಡಿಗಿ, ಕುತ್ತಿಗಿ ಕೆಳಗ ಉದ್ದಕ್ಕ ಬಿಟ್ಟು. ಕುತ್ತಿಗಿ ಇಳಿದ್ರ ಬೆನ್ನು ಮ್ಯಾಲ ಏಳ್ತದ, ಹೊಟ್ಟಿ ಸ್ನಾಯು ಕೆಲಸ ಮಾಡ್ತಾವ. ಮಾರವಾಡಿ ಕುದುರಿ ತಲಿ ಎತ್ತಿ ಕುಣಿಸೋದು ನೋಡ್ಲಾಕ ಚಂದ, ಮಂದಿ ಅದನ್ನೇ ಕೇಳ್ತಾರ, ಆದ್ರ ಬೆನ್ನು ಇಳಿದ ಕುದುರಿಗಿ ಅದು ಶಿಕ್ಷಾ. ನಾ ಖಡಾಖಂಡಿತ ಬ್ಯಾಡ ಅಂದೆ.

ನಾಲ್ಕನೇ ವಾರದಿಂದ ಐದು ನೀಲಗಿರಿ ಬೊಡ್ಡಿ ನೆಲದ ಮ್ಯಾಲ ಹೆಜ್ಜಿ ಅಂತರಕ್ಕ ಇಟ್ಟು ದಾಟ್ಸೋದು, ಹಿಂದಕ್ಕ ಐದಾರು ಹೆಜ್ಜಿ ಮೆಲ್ಲಗ ಸರಿಸೋದು, ದಿನಾ ಮೂರು ಸಲ. ಮನಿಗಿ ಬಂದ ಮ್ಯಾಲ ಎದಿ ಎಲುಬಿನ ಕೆಳಗ ಬೆರಳಿಂದ ಒತ್ತಿ ಕೆರೆದ್ರ ಆಕಿ ಬೆನ್ನು ತಾನೇ ಎತ್ತಾಳ, ಐದು ಎಣಿಸೋ ತನಕ ಹಿಡಿಸೋದು. ಆಮ್ಯಾಲ ಗಜ್ಜರಿ ತೋರ್ಸಿ ಮುಖ ಪಕ್ಕಡಿ ತನಕ, ಮುಂಗಾಲಿನ ನಡುವ ತನಕ ತರ್ಸೋದು. ಮಾರ್ಚ್‌ದಾಗ ಏರು. ನಮ್ಮೂರ ದಿಬ್ಬ ಇಲ್ಲೇ ಉಪಯೋಗಕ್ಕ ಬಂತು, ಕೆಳಗಿನ ಹೊಲದಿಂದ ಮ್ಯಾಲ ಕೆಂಪು ನೆಲದ ತನಕ ಏರೋದು ನಡಿಗ್ಯಾಗೇ, ಇಳಿಯೋದು ಇನ್ನೂ ಮೆಲ್ಲಗ. ಮರಿ ಹಾಕಿ ಹಾಕಿ ಸೊಂಟ ಸಡ್ಲ ಆಗಿದ್ದು ಇಳಿಜಾರಿನಾಗೇ ಗೊತ್ತಾಗ್ತಿತ್ತು, ಹಿಂದಿನ ಭಾಗ ಆಚೀಚಿ ಹೊಯ್ದಾಡ್ತಿತ್ತು, ಏಪ್ರಿಲ್ ಹೊತ್ತಿಗಿ ಅದು ನಿಂತು. ಜಂಬಿಟಗಿ ನೆಲ ಕಲ್ಲಿನಂಗ ಗಟ್ಟಿ, ಅದಕ ದುಲ್ಕಿ (ನಡಿಗಿಗಿಂತ ಜೋರು, ಮೆಲ್ಲನ ಓಟ) ಮಾತ್ರ ಉಳುಮಿ ಅಂಚಿನ ಮೆತ್ತನ ಹಾದ್ಯಾಗ, ಮೊದ್ಲು ಒಂದೊಂದೇ ನಿಮಿಷ ನಾಲ್ಕು ಸಲ. ಆಗ ಚಾಚಾನ ಕೈಲೇ ನಾಲು ಹಾಕಿಸ್ದೆ.

ಬೇಸಗ್ಯಾಗ ನಮ್ಮ ಕಡಿ ಬಿಸಲು 40 ಮುಟ್ಟತದ, ಅದಕ ನಸಿಕ್ನಾಗ ಐದಕ್ಕ ಹೊಂಟು ಏಳರೊಳಗ ವಾಪಸ್. ದವಡಿ ಕೆಳಗಿನ ನರದ ಮ್ಯಾಲ ಬೆರಳಿಟ್ಟು ನಾಡಿ ಎಣಿಸ್ತೀನಿ, ನಿಂತಾಗ ಆಕಿದು ನಿಮಿಷಕ್ಕ 38. ಕೆಲಸ ಮುಗಿದು ಹತ್ತು ನಿಮಿಷಕ್ಕ 60 ರ ಕೆಳಗ ಬಂದ್ರ ಮರುದಿನ ಸ್ವಲ್ಪ ಏರ್ಸೋದು, ಬರ್ಲಿಲ್ಲಂದ್ರ ಮರುದಿನ ಬರೇ ನಡಿಗಿ. ವಾರಕ್ಕ ಒಂದಿನ ಪೂರ್ತಿ ಸೂಟಿ. ಬಿಸಲಾಗ ದಿನಕ್ಕ 40 ಲೀಟರ್ ಮ್ಯಾಲ ನೀರು ಕುಡಿತಿದ್ಳು, ಬಕೆಟ್ ಲೆಕ್ಕ ಹೆಂಡ್ತಿನೇ ಇಡ್ತಿದ್ಳು.

ಜೀನು ಹಾಕಿದ್ದು ಏಪ್ರಿಲ್ ನಡುವ. ಕುದುರಿ ಹೊರೋ ಭಾರ ಜೀನು ಸೇರಿ ಅದರ ತೂಕದ ಐದನೇ ಒಂದು ಪಾಲು ದಾಟಬಾರ್ದು ಅಂತ ಲೆಕ್ಕ ಅದ, ಈಕಿಗಿ 70 ಕಿಲೋ ಆಯ್ತು, ನಾನೇ 74 ಅದೀನಿ. ಮಗಳು 46 ಕಿಲೋ, ಒಂಬತ್ತನೇ ಕ್ಲಾಸ್ ಪರೀಕ್ಷೆ ಮುಗಿಸಿ ಮನ್ಯಾಗ ಇದ್ಳು. "ಅಪ್ಪಾ, ನಾ ಏರ್ತೀನಿ, ನೀವು ಹಗ್ಗ ಹಿಡಿರಿ" ಅಂದ್ಳು. ಮೊದ್ಲ ದಿನ ಹತ್ತೇ ನಿಮಿಷ. ಚುಕ್ಕಿ ಒಂದ್ ಸಲ ಕಿವಿ ಹಿಂದ ಮಾಡಿ ಹೊಳ್ಳಿ ನೋಡಿದ್ಳು, ಆಮ್ಯಾಲ ಎರಡೂ ಕಿವಿ ತುದಿ ಕೂಡಿಸಿ ಮುಂದ ನಡಿಲಾಕ ಶುರು ಮಾಡಿದ್ಳು, ಎಂಟು ವರ್ಷದ ಹಿಂದ ಕಲ್ತಿದ್ದು ಒಂದೂ ಮರ್ತಿರ್ಲಿಲ್ಲ. ನನಗ ಕಣ್ಣಾಗ ನೀರು ಬಂತು, ಸುಳ್ಳ ಯಾಕ ಹೇಳ್ಲಿ.

ಜೂನ್ ಒಂದನೇ ತಾರೀಖಿನ ಅಳತಿ: ಎದಿ 170, ತೂಕ 365 ಕಿಲೋ, ಹೊಟ್ಟಿ 188. ತೂಕ 21 ಕಿಲೋ ಏರ್ಯದ, ಹೊಟ್ಟಿ 13 ಸೆಂಟಿಮೀಟರ್ ಇಳಿದದ, ಮೇವು ಕಡಿಮಿ ಮಾಡು ಅಂದೋರಿಗಿ ಕ್ಯಾಲೆಂಡರೇ ತೋರಿಸ್ದೆ. ನಡು ಎಲುಬು ಈಗ ಕೈಗಿ ಹತ್ತಲ್ಲ, ಎರಡೂ ಕಡಿ ಮಾಂಸ ತುಂಬಿ ಬಂದದ, ಎಷ್ಟಂದ್ರ ಏಪ್ರಿಲ್‌ದಾಗ ಕೂತ ಜೀನು ಈಗ ಹೆಗಲ ಹತ್ರ ಬಿಗಿ ಆಗ್ಲಕತ್ಯದ, ಗಾದಿ ಬಿಚ್ಚಿಸಿ ಮತ್ತ ಹೊಲಿಸ್ಬೇಕಾಗ್ಯದ. ಬೆನ್ನು ತುಂಬುವಾಗ ಜೀನು ತಿಂಗಳಿಗೊಮ್ಮಿ ನೋಡ್ರಿ, ಇಲ್ಲಂದ್ರ ಕಟ್ಟಿದ ಮಾಂಸ ಮತ್ತ ಇಳಿತದ. ಕೆಳಹೊಟ್ಟಿ ಚರ್ಮ ಸ್ವಲ್ಪ ಜೋತದ, ಅದು ಹಂಗೇ ಇರ್ತದ, ಐದು ಮರಿ ಹೊತ್ತ ಹೊಟ್ಟಿ ಅದು.

ಈಗ ಮಳಿ ಹತ್ಯದ. ಎರಿ ಹೊಲದ ಹಾದಿ ಅಂಟು ಕೆಸರು, ನಾಲು ಕಿತ್ಕೊಂಡು ಹೋಗ್ತದ, ಅದಕ ಮ್ಯಾಲಿನ ಕೆಂಪು ಹಾದಿಗಷ್ಟೇ ಒಯ್ತೀವಿ, ದುಲ್ಕಿ ಬಂದ್ ಮಾಡಿ ಬೊಡ್ಡಿ ದಾಟ್ಸೋದು ಜಾಸ್ತಿ ಮಾಡೀವಿ. ಮಗಳು ಸಾಲಿಗಿ ಹೋಗೋ ಮೊದ್ಲು ಅರ್ಧಾ ತಾಸು ಏರ್ತಾಳ, ಸಂಜಿಗಿ ನಾನು ಹಗ್ಗ ಹಿಡಿದು ನಡಸ್ತೀನಿ.