ಹಳೇ ಫೈರ್‌ಪ್ಲೇಸ್ ತೆಗೆದು ಗೋಡೆ ಸರಿ ಮಾಡಿದ್ದು: ನನ್ನ ಅನುಭವ

ಮಡಿಕೇರಿ ಕಡೆಯ ಹಳೇ ಮನೆಗಳ ಹಾಲ್‌ನಲ್ಲಿ ಫೈರ್‌ಪ್ಲೇಸ್ ಇರುವುದು ಹೊಸದೇನಲ್ಲ. ನಮ್ಮದು ಬೆಂಕಿ ಕಂಡು ಎಷ್ಟೋ ವರ್ಷ ಆಗಿತ್ತು. ಚಳಿಗೆ ಉಪಯೋಗ ಇಲ್ಲ, ಮಳೆಗೆ ಮಾತ್ರ ಒಳ್ಳೇ ದಾರಿ. ಇಲ್ಲಿ ವರ್ಷಕ್ಕೆ ಸಾಮಾನ್ಯವಾಗಿ 3000 ಮಿಲಿಮೀಟರ್ ದಾಟಿ ಸುರಿಯುತ್ತದೆ. ಚಿಮಣಿ ಹಂಚಿನ ಮಾಡಿನಿಂದ ಹೊರಗೆ ಬರುವ ಜಾಗಕ್ಕೆ ಎಷ್ಟು ಸಲ ಸಿಮೆಂಟ್ ಮೆತ್ತಿದರೂ ಬಿರುಕು ಬಿಡುತ್ತದೆ, ಯಾಕೆಂದರೆ ಮರದ ಪಕಾಸಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತಾ ಇರುತ್ತದೆ, ಇಟ್ಟಿಗೆ ಮಾತ್ರ ನಿಂತಲ್ಲೇ ನಿಂತಿರುತ್ತದೆ.

ಕೆಡವಲು ಹೊರಟವರಿಗೆ ಮೊದಲ ಮಾತು, ಕೆಳಗಿನಿಂದ ಶುರು ಮಾಡಬೇಡಿ. ಚಿಮಣಿಯ ಭಾರವೆಲ್ಲ ಕೆಳಗಿನ ಉಬ್ಬುಗೋಡೆಯ (ಫೈರ್‌ಪ್ಲೇಸ್ ಸುತ್ತ ಮುಂದಕ್ಕೆ ಚಾಚಿದ ಗೋಡೆಯ) ಮೇಲೆ ಕೂತಿರುತ್ತದೆ. ಆ ಉಬ್ಬನ್ನೂ ತೆಗೆಯಬೇಕು ಅಂದರೆ ಎಂಜಿನಿಯರ್‌ಗೆ ತೋರಿಸದೆ ಕೈ ಹಾಕಬಾರದು. ನಾವು ಅದನ್ನು ಹಾಗೇ ಬಿಟ್ಟು, ಮಾಡಿನ ಮೇಲಿದ್ದ ಭಾಗ ಇಳಿಸಿ, ಕೆಳಗಿನ ಬಾಯಿ ಮುಚ್ಚಿದೆವು. ಕೆಲಸ ಬೇಸಿಗೆಯಲ್ಲೇ ಆಗಬೇಕು, ಮಾಡು ತೆರೆದಿಟ್ಟು ಜೂನ್‌ಗೆ ಕಾಯುವ ಧೈರ್ಯ ಯಾರಿಗಿದೆ?

ಮಾಡಿನ ಕೆಲಸಕ್ಕೆ ಮೇಸ್ತ್ರಿ ಬಂದರು. ಒಂದೊಂದೇ ವರಸೆ ಬಿಡಿಸಿ, ಇಟ್ಟಿಗೆಯನ್ನು ಬುಟ್ಟಿಯಲ್ಲಿ ಇಳಿಸಿದೆವು. ಚಿಮಣಿ ಇದ್ದ ಕಿಂಡಿಗೆ ರೀಪು ಹೊಡೆದು ಹಂಚು ಹೊದಿಸಬೇಕಲ್ವಾ, ಅಲ್ಲಿ ಒಂದು ತೊಡಕು: ಬೇರೆ ಬೇರೆ ಕಾರ್ಖಾನೆಯ ಹಂಚು ಒಂದಕ್ಕೊಂದು ಸರಿಯಾಗಿ ಕಚ್ಚುವುದಿಲ್ಲ. ಹಳೇ ಹಂಚು ಮಾರುವವರ ಹತ್ತಿರ ನಮ್ಮದೇ ಮುದ್ರೆಯದ್ದನ್ನು ಹುಡುಕಿ ತಂದೆ. (ಬಾಸೆಲ್ ಮಿಷನ್ ಹಂಚಿನ ಹಿಂದೆ 1865 ಅಂತ ಇದ್ದರೆ ಮನೆ ಆ ಕಾಲದ್ದು ಅಂದುಕೊಳ್ಳಬೇಡಿ, ಅದು ಕಾರ್ಖಾನೆ ಶುರುವಾದ ವರ್ಷ.)

ಒಳಗೆ ಕೈ ಹಾಕುವ ಮೊದಲು ಚಿಮಣಿಯ ಗಂಟಲಿಗೆ ಒದ್ದೆ ಗೋಣಿಚೀಲ ತುರುಕಿ. ಗಂಟಲಿನ ಹಿಂದೆ ಹಲಗೆಯಂಥ ಒಂದು ಮಟ್ಟ ಇರುತ್ತದೆ, ಅಲ್ಲಿ ಮಸಿ, ಹಕ್ಕಿಗೂಡಿನ ಕಡ್ಡಿ, ಬಿದ್ದ ಗಾರೆ ಎಲ್ಲ ಕೂತಿರುತ್ತದೆ. ನಮ್ಮದರಲ್ಲಿ ಮೊಣಕೈವರೆಗೆ ಹೂತುಹೋಗುವಷ್ಟಿತ್ತು. ಮಾಸ್ಕ್ ಬೇಕೇ ಬೇಕು. ಬಾಯಿಯ ಮೇಲೆ ಇಟ್ಟಿಗೆಯ ಚಪ್ಪಟೆ ಕಮಾನು, ಅದರಡಿ ಕಬ್ಬಿಣದ ಪಟ್ಟಿ. ಪಟ್ಟಿ ತುಕ್ಕು ಹಿಡಿದು ಸ್ವಲ್ಪ ಬಾಗಿತ್ತು, ಆದರೆ ಮೇಲಿನ ಗೋಡೆ ಹೊತ್ತಿರುವುದು ಅದೇ. ಹಾಗಾಗಿ ಕೀಳಲಿಲ್ಲ, ಸುಮ್ನೆ ತುಕ್ಕು ಉಜ್ಜಿ ರೆಡ್ ಆಕ್ಸೈಡ್ ಬಳಿದು ಒಳಗೇ ಬಿಟ್ಟೆ.

ಬಾಯಿ ಮುಚ್ಚುವಾಗ ಎರಡೂ ಪಕ್ಕದ ಹಳೇ ಗೋಡೆಯಲ್ಲಿ ವರಸೆ ಬಿಟ್ಟು ವರಸೆ ಅರ್ಧ ಇಟ್ಟಿಗೆ ಕಿತ್ತು ಹಲ್ಲು ಬಿಟ್ಟುಕೊಂಡೆ. ಹೊಸ ಇಟ್ಟಿಗೆ ಅದರೊಳಗೆ ಕಚ್ಚಿ ಕೂರಬೇಕು, ಇಲ್ಲವಾದರೆ ಜೋಡಣೆಯಲ್ಲಿ ನೆಟ್ಟಗೆ ಬಿರುಕು ಬರುತ್ತದೆ. ಕೊನೆಯ ವರಸೆಗೂ ಪಟ್ಟಿಗೂ ನಡುವೆ ಗಾರೆಯನ್ನು ಒತ್ತಿ ಒತ್ತಿ ತುಂಬಿದೆ. ಚಿಮಣಿಯಿಂದ ಇಳಿಸಿದ ಇಟ್ಟಿಗೆ ಇಲ್ಲಿಗೆ ಬಳಸಲಿಲ್ಲ, ಮಸಿ ಕುಡಿದದ್ದು ಅದು. ತೋಟದ ಕಟ್ಟೆಗೆ ಹೋಯಿತು. ನೆಲದಿಂದ ಒಂದಡಿ ಮೇಲೆ ಒಂದು ಜಾಲಿ ಇಟ್ಟೆ, ಮಾಡಿನ ಕೆಳಗೆ ಉಬ್ಬುಗೋಡೆಯ ತುದಿಯಲ್ಲಿ ಇನ್ನೊಂದು. ಒಳಗಿನ ಟೊಳ್ಳಿಗೆ ಗಾಳಿ ಆಡದಿದ್ದರೆ ತೇವ ಅಲ್ಲೇ ಕೂರುತ್ತದೆ.

ನಿಜವಾದ ತಲೆನೋವು ಇದ್ದದ್ದು ಗಿಲಾವಿನಲ್ಲಿ. ಸೌದೆಯ ಹೊಗೆಯ ಜೊತೆ ಟಾರ್ ಮತ್ತು ಉಪ್ಪಿನಂಶ ವರ್ಷಾನುಗಟ್ಟಲೆ ಇಟ್ಟಿಗೆಗೆ ಇಳಿದಿರುತ್ತದೆ. ಈ ಉಪ್ಪು ಗಾಳಿಯ ತೇವ ಎಳೆದುಕೊಳ್ಳುತ್ತದೆ, ಎಲ್ಲೂ ಸೋರದಿದ್ದರೂ ಮಳೆಗಾಲದಲ್ಲಿ ಗೋಡೆ ಬೆವರುತ್ತದೆ, ಜೊತೆಗೆ ಕಂದು ಕಲೆ. ನೆಂಟರ ಮನೆಯಲ್ಲಿ ಇಂಥದ್ದೇ ಗೋಡೆಗೆ ಸಿಮೆಂಟ್ ಬಳಿದು, ಪುಟ್ಟಿ ಹಚ್ಚಿ, ಚೆನ್ನಾಗಿ ಪೇಂಟ್ ಮಾಡಿದ್ದರು. ಮುಂದಿನ ಆಗಸ್ಟ್‌ಗೆ ಭೂಪಟದ ಹಾಗೆ ಕಲೆ ಎದ್ದಿತ್ತು. ಅದನ್ನು ನೋಡಿದ್ದರಿಂದ ನಾನು ಕಲೆಯ ಅಂಚು ದಾಟಿ ಒಂದಡಿಯವರೆಗೂ ಹಳೇ ಗಿಲಾವು ಕಿತ್ತುಹಾಕಿದೆ. ಇಟ್ಟಿಗೆ ಸಂದುಗಳನ್ನು ಮುಕ್ಕಾಲು ಇಂಚು ಕೆರೆದು, ಒಣ ಬ್ರಷ್‌ನಲ್ಲಿ ಉಜ್ಜಿದೆ. ತೊಳೆಯಲಿಲ್ಲ, ನೀರು ಬಿದ್ದರೆ ಉಪ್ಪು ಇನ್ನೂ ಒಳಗೆ ಹೋಗುತ್ತದೆ. ಆಮೇಲೆ ಬೇಸಿಗೆಯ ಬಹುಪಾಲು ಗೋಡೆಯನ್ನು ಬೆತ್ತಲೆ ಬಿಟ್ಟೆವು. ಬಂದವರೆಲ್ಲ ಕೇಳುತ್ತಿದ್ದರು, ಇರಲಿ.

ಗಿಲಾವಿಗೆ ಚೆನ್ನಾಗಿ ನೆನೆದ ಸುಣ್ಣ ಒಂದು ಪಾಲು, ಮರಳು ಮೂರು ಪಾಲು, ಒಂದಿಷ್ಟು ಇಟ್ಟಿಗೆ ಪುಡಿ. ಎರಡು ತೆಳು ಪದರ ಹಾಕಿದೆ, ಮೊದಲನೆಯದು ಗಟ್ಟಿಯಾದ ಮೇಲಷ್ಟೇ ಎರಡನೆಯದು. ಸುಣ್ಣದ ಗಾರೆಗೆ ಅವಸರ ಆಗುವುದಿಲ್ಲ. ಬೇಗ ಒಣಗಿದರೆ ಕೂದಲಿನಂಥ ಸೀಳು ಬಿಡುತ್ತದೆ, ಅದಕ್ಕೆ ಒದ್ದೆ ಗೋಣಿ ಇಳಿಬಿಟ್ಟು ತಂಪಾಗಿ ಇಡಬೇಕು. ಮೇಲೆ ಸುಣ್ಣವನ್ನೇ ಬಳಿದೆ, ಪ್ಲಾಸ್ಟಿಕ್ ಪೇಂಟ್ ಹಚ್ಚಿದರೆ ಗೋಡೆ ಉಸಿರಾಡುವುದಿಲ್ಲ. ಒಂದು ಮಳೆಗಾಲ ಕಳೆದಿದೆ. ಮೂಲೆಯಲ್ಲಿ ಅಂಗೈಯಷ್ಟು ಜಾಗದಲ್ಲಿ ಬಿಳಿ ಉಪ್ಪು ಹೂ ಬಿಟ್ಟಿತ್ತು, ಒಣ ಬ್ರಷ್‌ಗೆ ಉದುರಿತು. ಕಂದು ಕಲೆ ಬಂದಿಲ್ಲ.

ನೆಲ ಮಾತ್ರ ಹೊಂದಲಿಲ್ಲ. ಒಲೆಯ ಕಲ್ಲು ತೆಗೆದ ಜಾಗಕ್ಕೆ ಹಾಕಿದ ಹೊಸ ಕೆಂಪು ಗಾರೆ ಹಳೇ ನೆಲದ ಬಣ್ಣಕ್ಕೆ ಎಷ್ಟು ಉಜ್ಜಿದರೂ ಬರಲಿಲ್ಲ. ಅದರ ಮೇಲೆ ಪುಸ್ತಕದ ಕಪಾಟು ಇಟ್ಟಿದ್ದೇನೆ, ಜಾಲಿ ಮುಚ್ಚದ ಹಾಗೆ ಗೋಡೆಯಿಂದ ನಾಲ್ಕು ಬೆರಳು ದೂರಕ್ಕೆ.