ಕಂಬ ಹತ್ತುವ ಮೊದಲು ಕರೆಂಟಿನ ದಾರಿ ಕಲಿಯಿರಿ

ಲೈನ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗರಿಗೆ ನಾನು ಮೊದಲ ದಿನ ಬೆಲ್ಟ್ ಕೊಡುವುದಿಲ್ಲ, ಕಟಿಂಗ್ ಪ್ಲೈಯರ್ ಕೊಡುವುದಿಲ್ಲ. ಮೇಜಿನ ಮೇಲೆ ಒಂದು 12 ವೋಲ್ಟ್ ಬ್ಯಾಟರಿ, ಅದರ ಪ್ಲಸ್ ತುದಿಯಲ್ಲೇ ಒಂದು ಫ್ಯೂಸು, 10 ವ್ಯಾಟಿನ ಎರಡು ಬಲ್ಬು, ನಾಲ್ಕು ತುಂಡು ವೈರು, ಒಂದು ಮಲ್ಟಿಮೀಟರ್ ಇಡುತ್ತೇನೆ. ಬಲ್ಬು ಹೊತ್ತಿಸಲು ಯಾರಿಗೂ ಕಷ್ಟವಾಗುವುದಿಲ್ಲ. ಆಮೇಲೆ ಕೇಳುತ್ತೇನೆ: "ಕರೆಂಟು ಎಲ್ಲಿಂದ ಹೊರಟಿತು, ಎಲ್ಲಿಗೆ ಹೋಯಿತು, ಬೆರಳಿಟ್ಟು ತೋರಿಸಪ್ಪ." ಹತ್ತರಲ್ಲಿ ಏಳೆಂಟು ಜನ ಬ್ಯಾಟರಿಯಿಂದ ಬಲ್ಬಿನವರೆಗೆ ಬೆರಳು ಓಡಿಸಿ ಅಲ್ಲೇ ನಿಲ್ಲಿಸುತ್ತಾರೆ. ಬಲ್ಬಿನಲ್ಲಿ ಕರೆಂಟು ಖರ್ಚಾಗಿಹೋಯಿತು ಎಂಬ ಲೆಕ್ಕ. ಈ ತಪ್ಪು ಲೆಕ್ಕ ತಲೆಯಲ್ಲಿ ಇರುವವರೆಗೂ ಅವರನ್ನು ಏಣಿಯ ಹತ್ತಿರ ಬಿಡಲು ನನಗೆ ಮನಸ್ಸು ಬರುವುದಿಲ್ಲ.

ನೀವೇ ಮಾಡಿ ನೋಡಿ. ಒಂದೇ ಬಲ್ಬು ಜೋಡಿಸಿ, ಮೀಟರನ್ನು ಆಂಪಿಯರಿಗೆ ಇಟ್ಟು, ಬಲ್ಬಿಗಿಂತ ಮೊದಲು ವೈರಿನ ನಡುವೆ ಸೇರಿಸಿ ಅಳೆಯಿರಿ. ಬಲ್ಬು ದಾಟಿದ ಮೇಲೆ ಇನ್ನೊಮ್ಮೆ ಅಳೆಯಿರಿ. ಎರಡೂ ಕಡೆ ಅದೇ ಅಂಕಿ, ಸುಮಾರು 0.83 ಆಂಪಿಯರ್. ಹೋದಷ್ಟೇ ಕರೆಂಟು ವಾಪಸ್ ಬಂದಿದೆ. ಬಲ್ಬಿನಲ್ಲಿ ಇಳಿದದ್ದು ಶಕ್ತಿ. ಕರೆಂಟು ಯಾವಾಗಲೂ ಹೊರಟ ಜಾಗಕ್ಕೇ ಮರಳುತ್ತದೆ. ಸುತ್ತು ಪೂರ್ತಿಯಾಗದಿದ್ದರೆ ಹರಿಯುವುದೇ ಇಲ್ಲ.

ಇನ್ನೊಂದು ಪ್ರಯೋಗ. 12 ವೋಲ್ಟನ್ನು 0.83ರಿಂದ ಭಾಗಿಸಿದರೆ ಬಲ್ಬಿನ ರೋಧ 14 ಓಮಿನಷ್ಟು ಬರಬೇಕು. ಬಲ್ಬನ್ನು ಬಿಚ್ಚಿ, ತಣ್ಣಗಿರುವಾಗ ಓಮ್ ಮೀಟರ್ ಹಚ್ಚಿ. ಅದರ ಹತ್ತನೇ ಒಂದು ಪಾಲಿನ ಆಸುಪಾಸು ತೋರಿಸುತ್ತದೆ. ಮೀಟರ್ ಕೆಟ್ಟಿದೆ ಎಂದು ಹುಡುಗರು ಅದನ್ನು ತಟ್ಟುತ್ತಾರೆ. ಮೀಟರ್ ಸರಿಯಾಗಿಯೇ ಇದೆ. ಫಿಲಮೆಂಟ್ ಕಾದಾಗ ರೋಧ ಏರುತ್ತದೆ. ವಿಜ್ಞಾನಿ ಜಾರ್ಜ್ ಓಮ್ 1827ರಲ್ಲಿ ಪ್ರಕಟಿಸಿದ ನಿಯಮ (ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ) ಬಾಯಿಪಾಠವಾಗಿದ್ದರೆ ಸಾಲದು, ಯಾವ ಸ್ಥಿತಿಯಲ್ಲಿರುವ ವಸ್ತುವನ್ನು ಅಳೆಯುತ್ತಿದ್ದೇವೆ ಎಂಬ ಗಮನವೂ ಬೇಕು ಎಂದು ಈ ಬಲ್ಬು ಕಲಿಸುತ್ತದೆ.

ನೀರಿನ ಟ್ಯಾಂಕಿನ ಹೋಲಿಕೆ ನೀವು ಕೇಳಿರುತ್ತೀರಿ: ಒತ್ತಡ ಎಂದರೆ ವೋಲ್ಟು, ಹರಿವು ಎಂದರೆ ಆಂಪಿಯರು, ಕಿರಿದಾದ ಪೈಪು ಎಂದರೆ ರೋಧ. ಮೊದಲೆರಡು ದಿನಕ್ಕೆ ಅದು ಒಳ್ಳೆಯದೇ. ಮೂರನೇ ದಿನ ಅದನ್ನು ಬಿಟ್ಟುಬಿಡಿ ಎನ್ನುತ್ತೇನೆ. ಪೈಪು ಒಡೆದರೆ ನೀರು ಚೆಲ್ಲುತ್ತದೆ, ಕಣ್ಣಿಗೆ ಕಾಣುತ್ತದೆ. ತಂತಿ ತುಂಡಾದರೆ ಏನೂ ಚೆಲ್ಲುವುದಿಲ್ಲ. ತುದಿಯಲ್ಲಿ ವೋಲ್ಟೇಜ್ ಮಾತ್ರ ಸದ್ದಿಲ್ಲದೆ ಕಾಯುತ್ತಿರುತ್ತದೆ, ಯಾರಾದರೂ ಬಂದು ಸುತ್ತು ಪೂರ್ತಿ ಮಾಡಲಿ ಎಂದು.

ಜಾಯಿಂಟ್ ವಿಚಾರ ಚಿಕ್ಕದಾಗಿ ಹೇಳುತ್ತೇನೆ. ಕರೆಂಟಿನ ವರ್ಗವನ್ನು ರೋಧದಿಂದ ಗುಣಿಸಿದರೆ ಅಲ್ಲಿ ಹುಟ್ಟುವ ಬಿಸಿ ಸಿಗುತ್ತದೆ. ಸಡಿಲ ಜಂಪರಿನ (ಎರಡು ತಂತಿಗಳನ್ನು ಸೇರಿಸುವ ತುಂಡು ತಂತಿಯ) ರೋಧ ಬರೀ 0.01 ಓಮ್ ಎಂದಿಟ್ಟುಕೊಳ್ಳಿ. ಅದರಲ್ಲಿ 100 ಆಂಪಿಯರ್ ಹೋದರೆ 100 ವ್ಯಾಟ್. ಹೆಬ್ಬೆರಳು ಗಾತ್ರದ ಜಾಗದಲ್ಲಿ ಹಗಲು ರಾತ್ರಿ 100 ವ್ಯಾಟ್! ಅಲ್ಯುಮಿನಿಯಂ ಕರಗಿ ತಂತಿ ಕೆಳಗೆ ಬೀಳುವುದು ಹೀಗೆ. ತಂತಿಯನ್ನು ಬ್ರಷ್ಷಿನಿಂದ ಉಜ್ಜಿ, ಬೋಲ್ಟ್ ಪೂರ್ತಿ ಬಿಗಿ ಮಾಡಿ ಎಂದು ಹಿರಿಯರು ಗದರಿದರೆ ಈ ಲೆಕ್ಕ ನೆನಪಿರಲಿ.

ಅದೇ ಲೆಕ್ಕದಿಂದಲೇ 11 ಕೆವಿ, ಅಂದರೆ 11,000 ವೋಲ್ಟಿನ ಲೈನ್ ಯಾಕೆ ಬೇಕು ಎಂಬುದೂ ಗೊತ್ತಾಗುತ್ತದೆ. 100 ಕಿಲೋವ್ಯಾಟ್ ಲೋಡಿಗೆ ಮೂರು ಫೇಸಿನ (ಕರೆಂಟು ತರುವ ಮೂರು ತಂತಿಯ) 400 ವೋಲ್ಟಿನಲ್ಲಿ ಪ್ರತಿ ತಂತಿಗೂ ಸುಮಾರು 144 ಆಂಪಿಯರ್ ಬೇಕು. ಅದನ್ನೇ 11,000 ವೋಲ್ಟಿನಲ್ಲಿ ಕಳಿಸಿದರೆ ಐದೂಕಾಲು ಆಂಪಿಯರ್ ಸಾಕು. ಕರೆಂಟು 27 ಪಟ್ಟು ಇಳಿದರೆ ಅದೇ ತಂತಿಯಲ್ಲಿ ಬಿಸಿಯಾಗಿ ನಷ್ಟವಾಗುವುದು 700 ಪಟ್ಟಿಗಿಂತ ಹೆಚ್ಚು ಇಳಿಯುತ್ತದೆ.

ಈಗ ನ್ಯೂಟ್ರಲ್, ಅಂದರೆ ಫೇಸಿನಲ್ಲಿ ಬಂದ ಕರೆಂಟು ಟ್ರಾನ್ಸ್‌ಫಾರ್ಮರಿಗೆ ವಾಪಸ್ ಹೋಗುವ ತಂತಿ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಹೊಸಬರು "ನ್ಯೂಟ್ರಲ್ ತಾನೇ, ಏನಾಗುತ್ತೆ" ಎಂದು ಧೈರ್ಯ ಮಾಡುವುದು ಈ ತಂತಿಯ ಮೇಲೆಯೇ. ಮೂರು ಫೇಸಿನ ಲೋಡು ಸಮನಾಗಿದ್ದರೆ ನ್ಯೂಟ್ರಲಿನಲ್ಲಿ ಕರೆಂಟು ಹೆಚ್ಚುಕಡಿಮೆ ಸೊನ್ನೆ. ಮನೆಗಳ ಲೋಡು ಎಂದೂ ಸಮನಾಗಿರುವುದಿಲ್ಲ, ಉಳಿದ ವ್ಯತ್ಯಾಸವೆಲ್ಲ ನ್ಯೂಟ್ರಲಿನಲ್ಲಿ ವಾಪಸ್ ಹೋಗುತ್ತದೆ. ಟ್ರಾನ್ಸ್‌ಫಾರ್ಮರ್ ಹತ್ತಿರ ಆ ತಂತಿ ಕಡಿದುಹೋಯಿತು ಎಂದುಕೊಳ್ಳಿ. ಒಂದು ಫೇಸಿನ ಮನೆಯಲ್ಲಿ 2000 ವ್ಯಾಟಿನ ಹೀಟರ್, ಅದರ ರೋಧ 26 ಓಮ್. ಇನ್ನೊಂದು ಫೇಸಿನ ಮನೆಯಲ್ಲಿ 100 ವ್ಯಾಟಿನ ಬಲ್ಬು, ಅದು 529 ಓಮ್. ನ್ಯೂಟ್ರಲ್ ಇದ್ದಾಗ ಎರಡಕ್ಕೂ 230 ವೋಲ್ಟ್ ಸಿಗುತ್ತಿತ್ತು. ನ್ಯೂಟ್ರಲ್ ಇಲ್ಲದ ಮೇಲೆ ಇವೆರಡೂ ಸೀರೀಸ್ ಆಗಿ (ಒಂದರ ಹಿಂದೆ ಒಂದಾಗಿ) ಎರಡು ಫೇಸಿನ ನಡುವಿನ 400 ವೋಲ್ಟಿಗೆ ಸಿಕ್ಕಿಕೊಳ್ಳುತ್ತವೆ. ವೋಲ್ಟೇಜ್ ರೋಧದ ಅನುಪಾತದಲ್ಲಿ ಹಂಚಿಹೋಗುತ್ತದೆ: ಹೀಟರಿಗೆ 19 ವೋಲ್ಟ್, ಬಲ್ಬಿಗೆ 381. ಹೀಟರ್ ಬಿಸಿಯಾಗದು, ಬಲ್ಬು ಉಳಿಯದು. ಒಂದು ಬೀದಿಯಲ್ಲಿ ಕೆಲವು ಮನೆಯವರು ಲೈಟು ಮಂಕು ಎಂದು, ಕೆಲವರು ಟಿವಿ ಸುಟ್ಟಿತು ಎಂದು ಒಟ್ಟಿಗೇ ದೂರು ಕೊಟ್ಟರೆ ನಾನು ಫ್ಯೂಸ್ ನೋಡಲು ಹೋಗುವುದಿಲ್ಲ, ನೇರ ನ್ಯೂಟ್ರಲ್ ಹುಡುಕುತ್ತೇನೆ. ಕಡಿದ ನ್ಯೂಟ್ರಲಿನ ಮನೆ ಕಡೆಯ ತುದಿಯನ್ನು ಫೇಸ್ ಎಂದೇ ಭಾವಿಸಿ. ಒಂದು ಮನೆಯ ಬಲ್ಬು ಆನ್ ಇದ್ದರೂ ಸಾಕು, ಫೇಸ್ ಅದರ ಮೂಲಕ ಹಾದು ಆ ತುದಿಗೆ ಬಂದಿರುತ್ತದೆ.

ತಂತಿಯ ಮೇಲೆ ಕೂತ ಹಕ್ಕಿಗೆ ಏನೂ ಆಗುವುದಿಲ್ಲ. ಅದರ ಎರಡು ಕಾಲಿನ ನಡುವೆ ವೋಲ್ಟೇಜಿನ ವ್ಯತ್ಯಾಸವೇ ಇಲ್ಲ. ನೀವು ಹಕ್ಕಿಯಲ್ಲ. ನಿಮ್ಮ ಕಾಲು ಏಣಿಯ ಮೇಲೋ ಕಂಬದ ಮೇಲೋ ಇದೆ, ಕಂಬ ನೆಲದಲ್ಲಿದೆ, ಟ್ರಾನ್ಸ್‌ಫಾರ್ಮರಿನ ನ್ಯೂಟ್ರಲ್ ಅದೇ ನೆಲಕ್ಕೆ ಕಟ್ಟಿದೆ. ಸುತ್ತು ಪೂರ್ತಿ. ಬೆವರಿನಲ್ಲಿ ತೊಯ್ದ ಮೈಯ ರೋಧ ಸುಮಾರು 1000 ಓಮ್ ಎಂದು ಹಿಡಿದರೂ 230 ವೋಲ್ಟಿಗೆ 230 ಮಿಲಿ ಆಂಪಿಯರ್ ಹರಿಯುತ್ತದೆ. 1 ಮಿಲಿ ಆಂಪಿಯರಿಗೆ ಜುಮ್ಮೆನ್ನುತ್ತದೆ. 10ರ ಆಸುಪಾಸಿನಲ್ಲಿ ಹಿಡಿದ ಕೈ ಬಿಡಿಸಿಕೊಳ್ಳಲು ಆಗುವುದಿಲ್ಲ. 50ರಿಂದ 100 ಎದೆಯ ಮೂಲಕ ಹಾದರೆ ಹೃದಯ ಲಯ ತಪ್ಪುತ್ತದೆ. ಇಷ್ಟಕ್ಕೆ 5 ಆಂಪಿಯರಿನ ಫ್ಯೂಸು ಹೋಗುವುದೇ ಇಲ್ಲ. ಅದನ್ನು ಹಾಕಿರುವುದು ತಂತಿ ಸುಡದಿರಲಿ ಎಂದು.

ನಾನು ಕೆಲಸಕ್ಕೆ ಸೇರಿ ಇನ್ನೂ ವರ್ಷ ತುಂಬಿರಲಿಲ್ಲ. ಮಳೆ ನಿಂತ ಸಂಜೆ, ಬಿದ್ದ ಕೊಂಬೆಯಿಂದ ಒಂದು ಸ್ಪ್ಯಾನ್ (ಎರಡು ಕಂಬದ ನಡುವಿನ) ತಂತಿ ಹರಿದಿತ್ತು. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ನಾನೇ ಕಿತ್ತಿದ್ದೆ, ಮೂರೂ ನನ್ನ ಜೇಬಿನಲ್ಲೇ ಇದ್ದವು. ಇನ್ನೇನು ಎಂದು ಏಣಿಗೆ ಕಾಲಿಟ್ಟೆ. ನನ್ನ ಹಿರಿಯರು ಭುಜ ಹಿಡಿದು ಇಳಿಸಿ, "ಮೊದಲು ಟೆಸ್ಟ್, ಆಮೇಲೆ ರಾಡ್" ಎಂದರು. ಟೆಸ್ಟರ್ ಏನೂ ಹೇಳಲಿಲ್ಲ. ತಂತಿಯನ್ನು ನೆಲಕ್ಕೆ ಸೇರಿಸುವ ಅರ್ಥಿಂಗ್ ರಾಡಿನ ಕ್ಲಾಂಪನ್ನು ನೆಲದ ಪೈಪಿಗೆ ಬಿಗಿದು, ಒಂದೊಂದೇ ಕೊಕ್ಕೆಯನ್ನು ತಂತಿಗೆ ಏರಿಸಿದರು. ಎರಡನೇ ತಂತಿಗೆ ಕೊಕ್ಕೆ ತಾಕಿತು. ಚಟ್ ಎಂದು ನೀಲಿ ಕಿಡಿ. ಅದೇ ಕ್ಷಣ ಎರಡು ಮನೆ ಆಚೆ ಗುಡುಗುಡು ಎನ್ನುತ್ತಿದ್ದ ಜನರೇಟರ್ ಮುಕ್ಕರಿಸಿ ನಿಂತಿತು. ನಾವು ಟೆಸ್ಟ್ ಮಾಡಿ ರಾಡ್ ಜೋಡಿಸುವ ಆ ಎರಡು ನಿಮಿಷದಲ್ಲಿ ಯಾರೋ ಮನೆಯ ಮೇನ್ ಆಫ್ ಮಾಡದೆ ಅದನ್ನು ಪ್ಲಗ್ಗಿಗೆ ಸಿಕ್ಕಿಸಿ ಚಾಲು ಮಾಡಿದ್ದರು, ಅದರ ಕರೆಂಟು ಮನೆಯ ವೈರಿನಿಂದ ಹಿಂದಕ್ಕೆ ನಮ್ಮ ತಂತಿಗೆ ಬಂದಿತ್ತು. ಆ ಕೊಕ್ಕೆಯ ತುದಿಯಲ್ಲಿ ಕರಗಿದ ಒಂದು ಸಣ್ಣ ಗುಳಿ ಬಿದ್ದಿತ್ತು, ಜೋಳದ ಕಾಳಿನಷ್ಟು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದ್ದು ಇವತ್ತಿಗೂ ಮರೆತಿಲ್ಲ.

ಟ್ರಾನ್ಸ್‌ಫಾರ್ಮರ್ ಎರಡೂ ದಿಕ್ಕಿಗೆ ಕೆಲಸ ಮಾಡುತ್ತದೆ. ವಿಜ್ಞಾನಿ ಫ್ಯಾರಡೆ 1831ರಲ್ಲಿ ಒಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಕಂಡುಕೊಂಡದ್ದು ಇದರ ಮೂಲ. ಯಾವ ಸುರುಳಿಗೆ ಕೊಟ್ಟರೂ ಇನ್ನೊಂದರಲ್ಲಿ ಬರುತ್ತದೆ. 11 ಕೆವಿ ಕಡೆ ಡೆಲ್ಟಾ (ಪ್ರತಿ ಸುರುಳಿ ಎರಡು ಫೇಸಿನ ನಡುವೆ, 11,000 ವೋಲ್ಟಿಗೆ), 400ರ ಕಡೆ ಸ್ಟಾರ್ (ಪ್ರತಿ ಸುರುಳಿ ಫೇಸ್ ಮತ್ತು ನ್ಯೂಟ್ರಲ್ ನಡುವೆ, 230 ವೋಲ್ಟಿಗೆ) ಇರುವ ಟ್ರಾನ್ಸ್‌ಫಾರ್ಮರಿನಲ್ಲಿ 400ರ ಕಡೆಯ ಸುರುಳಿಯ ಒಂದು ಸುತ್ತಿಗೆ 11 ಕೆವಿ ಕಡೆ ಸುಮಾರು 48 ಸುತ್ತು. 400ರ ಕಡೆಯ ಫ್ಯೂಸ್ ಕೀಳದೆ ಇದ್ದಿದ್ದರೆ ಆ ಸಣ್ಣ ಜನರೇಟರಿನ 230 ವೋಲ್ಟ್ "ಆಫ್" ಆದ 11 ಕೆವಿ ಲೈನಿನಲ್ಲಿ 11,000 ಆಗಿ ಏಳಬಹುದಿತ್ತು. ಪಕ್ಕದಲ್ಲೇ ಇನ್ನೊಂದು ಜೀವಂತ ಲೈನ್ ಓಡುತ್ತಿದ್ದರೆ ಜನರೇಟರೂ ಬೇಕಾಗಿಲ್ಲ, ಅದರ ಪ್ರಭಾವದಿಂದಲೇ ಸತ್ತ ತಂತಿಯಲ್ಲಿ ವೋಲ್ಟೇಜ್ ಹುಟ್ಟುತ್ತದೆ.

ಹಾಗಾಗಿ ಕ್ರಮ ಇದು. ಎಲ್ಲ ಕಡೆಯಿಂದಲೂ ಸಪ್ಲೈ ಬೇರ್ಪಡಿಸಿ. ಯಾರೂ ಮತ್ತೆ ಹಾಕದಂತೆ ಬೀಗ ಹಾಕಿ, ಬೋರ್ಡ್ ತೂಗುಹಾಕಿ, ಲೈನ್ ಕ್ಲಿಯರ್ (ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಬರಹದಲ್ಲಿ ಪಡೆಯಿರಿ. ಟೆಸ್ಟರನ್ನು ಜೀವಂತ ಎಂದು ಗೊತ್ತಿರುವ ಜಾಗದಲ್ಲಿ ಪರೀಕ್ಷಿಸಿ, ಕೆಲಸದ ತಂತಿಗೆ ಹಿಡಿದು, ಮತ್ತೆ ಜೀವಂತ ಜಾಗದಲ್ಲಿ ಪರೀಕ್ಷಿಸಿ. ನಡುವೆ ಬ್ಯಾಟರಿ ಸತ್ತಿದ್ದರೆ ಆಗ ಗೊತ್ತಾಗುತ್ತದೆ. ಆಮೇಲೆ ಕೆಲಸದ ಜಾಗದ ಎರಡೂ ಬದಿಗೆ ಎಲ್ಲ ತಂತಿಗಳನ್ನೂ ಒಟ್ಟು ಸೇರಿಸಿ ಅರ್ಥ್ ಮಾಡಿ. ಜೋಡಿಸುವಾಗ ಮೊದಲು ನೆಲದ ತುದಿ, ನಂತರ ತಂತಿಯ ತುದಿ. ತೆಗೆಯುವಾಗ ಮೊದಲು ತಂತಿಯದು, ಕೊನೆಗೆ ನೆಲದ್ದು. ತಿರುವುಮುರುವು ಮಾಡಿದರೆ ತೆರೆದ ತುದಿ ನಿಮ್ಮ ಕೈಯಲ್ಲಿ ಉಳಿಯುತ್ತದೆ, ಸುತ್ತು ಪೂರ್ತಿ ಮಾಡುವವರು ನೀವಾಗುತ್ತೀರಿ. ಹತ್ತಿರದಲ್ಲಿ ಆಫ್ ಮಾಡಲಾಗದ ತಂತಿಗಳಿದ್ದರೆ ಅವನ್ನು ಮುಚ್ಚಿಯೇ ಕೆಲಸ ಶುರು ಮಾಡಿ.

ನೆಲಕ್ಕೆ ಬಿದ್ದ ತಂತಿಯ ಬಗ್ಗೆ ಒಂದು ಮಾತು. ತಂತಿ ತಾಕಿದ ಜಾಗದಲ್ಲಿ ಮಣ್ಣಿನ ವೋಲ್ಟೇಜ್ ಹೆಚ್ಚು, ದೂರ ಹೋದಂತೆ ಕಡಿಮೆ. ದೊಡ್ಡ ಹೆಜ್ಜೆ ಇಟ್ಟರೆ ಒಂದು ಕಾಲು ಹೆಚ್ಚಿನಲ್ಲಿ, ಇನ್ನೊಂದು ಕಡಿಮೆಯಲ್ಲಿ ಇರುತ್ತದೆ, ಕರೆಂಟು ಒಂದರಿಂದ ಏರಿ ಇನ್ನೊಂದರಿಂದ ಇಳಿಯುತ್ತದೆ. ದನಗಳು ಬೇಗ ಸಾಯುವುದು ಇದಕ್ಕೇ: ಮುಂಗಾಲು ಹಿಂಗಾಲಿನ ನಡುವೆ ಅಂತರ ಜಾಸ್ತಿ, ಹೃದಯ ಆ ದಾರಿಯಲ್ಲೇ ಇದೆ. ಹತ್ತು ಮೀಟರ್ ದೂರವಿರಿ. ಹತ್ತಿರ ಸಿಕ್ಕಿಕೊಂಡಿದ್ದರೆ ಎರಡು ಪಾದ ಜೋಡಿಸಿ, ನೆಲ ಬಿಡದೆ ತೆವಳಿಸುತ್ತ ಹೊರಗೆ ಬನ್ನಿ.

ಅಭ್ಯಾಸಕ್ಕೆ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ದಿನವೂ ಒಂದು ಟ್ರಾನ್ಸ್‌ಫಾರ್ಮರ್ ಕೆಳಗೆ, ಏನನ್ನೂ ಮುಟ್ಟದೆ ದೂರ ನಿಂತು, ಒಂದು ಬೀದಿ ದೀಪವನ್ನು ಆರಿಸಿ ಅದರ ಕರೆಂಟಿನ ದಾರಿ ಬರೆಯಿರಿ: ಯಾವ ಫೇಸು, ಯಾವ ಜಂಪರು, ವಾಪಸ್ ಯಾವ ನ್ಯೂಟ್ರಲ್. ಬಳಿಕ ಒಂದು ಕಡೆ ಕತ್ತರಿ ಗುರುತು ಹಾಕಿ, ಇಲ್ಲಿ ಕಡಿದರೆ ಯಾವ ತುದಿ ಜೀವಂತ ಉಳಿಯುತ್ತದೆ ಎಂದು ಕೆಂಪು ಪೆನ್ನಿನಿಂದ ತೋರಿಸಿ, ಹಿರಿಯರ ಹತ್ತಿರ ತಿದ್ದಿಸಿಕೊಳ್ಳಿ. ಗೆರೆ ಟ್ರಾನ್ಸ್‌ಫಾರ್ಮರಿಗೆ ವಾಪಸ್ ಸೇರದೆ ಎಲ್ಲಿ ನಿಂತಿತೋ, ಮರುದಿನ ಅಲ್ಲಿಂದಲೇ ಶುರು ಮಾಡಿ.