ಶ್ವಾಸಕೋಶದ ವಯಸ್ಸು ಹೇಳಿ ಬೀಡಿ ಬಿಡಿಸಿದ್ದು: ನನ್ನ ಅನುಭವ

ಸಂಡೂರು, ಸಿರುಗುಪ್ಪ ಕಡೆಯ ಐವತ್ತು ದಾಟಿದ ಬೀಡಿ ಸೇದುವವರಿಗೆ ಶಿಬಿರದಲ್ಲಿ ಸ್ಪೈರೋಮೆಟ್ರಿ (ಮಿಷನ್ನಿಗೆ ಊದಿಸಿ ಉಸಿರು ಅಳೆಯೋದು) ಮಾಡಿ ಶ್ವಾಸಕೋಶದ ವಯಸ್ಸು, ಅಂದರೆ ಅಷ್ಟೇ ಗಾಳಿ ಊದುವ ಆರೋಗ್ಯವಂತನ ವಯಸ್ಸು, ಹೇಳೋಣ ಅಂದಾಗ ನಮ್ಮವರೇ ನಕ್ಕರು. "ಎಕ್ಸ್‌ರೇ ಸಾಕಲ್ರಿ" ಅಂದರು. ಮೊದಲು ನಮ್ಮನ್ನು ಮುಳುಗಿಸಿದ್ದೇ ಆ ಎಕ್ಸ್‌ರೇ. ಶುರುವಿನ ಸಿಒಪಿಡಿಯಲ್ಲಿ (ಹೊಗೆಯಿಂದ ಶ್ವಾಸನಾಳ ಕಿರಿದಾಗುವ ಕಾಯಿಲೆ) ಫಿಲ್ಮು ಸ್ವಚ್ಛವಾಗಿಯೇ ಬರುತ್ತೆ. ಅದನ್ನೇ ಸರ್ಟಿಫಿಕೇಟಿನ ಹಾಗೆ ಕಂಕುಳಲ್ಲಿಟ್ಟುಕೊಂಡು ಹೊರಗೆ ಹೋಗಿ ಬೀಡಿ ಹಚ್ಚುತ್ತಾರೆ.

ಎರಡನೇ ಪೆಟ್ಟು ಫಾರ್ಮುಲಾದಿಂದ ಬಿತ್ತು. ಶ್ವಾಸಕೋಶದ ವಯಸ್ಸು ತೆಗೆಯೋದು 1985ರ ಮಾರಿಸ್-ಟೆಂಪಲ್ ಲೆಕ್ಕದಿಂದ: ಗಂಡಸರಿಗೆ, ಇಂಚಿನಲ್ಲಿ ಎತ್ತರ ಗುಣಿಸು 2.870, ಅದರಲ್ಲಿ ಎಫ್‌ಇವಿ1ರ (ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ, ಲೀಟರಿನಲ್ಲಿ) 31.25 ಪಟ್ಟು ಕಳೆದು, ಮತ್ತೆ 39.375 ಕಳೆಯೋದು. ಹೊಗೆ ಮುಟ್ಟದ 45ರ ಒಬ್ಬರು, 64 ಇಂಚು, 2.7 ಲೀಟರ್ ಊದಿದರು, ಉತ್ತರ 60! ಸಾಲಲ್ಲಿ ಕೂತವರೆಲ್ಲ ಗೊಳ್ಳೆಂದರು, ಆವತ್ತಿನ ಶಿಬಿರ ಅಲ್ಲಿಗೇ ಮುಗಿಯಿತು. ಆ ಲೆಕ್ಕ ಅಮೆರಿಕದವರ ಎದೆಯದು, ನಮ್ಮವರ ಎದೆ ಅಷ್ಟು ಊದಲ್ಲ. ಈಗ ಎಫ್‌ಇವಿ1 ಅನ್ನು 0.9ರಿಂದ ಭಾಗಿಸಿಯೇ ಹಾಕುತ್ತೇನೆ. ಅದೇ ಮನುಷ್ಯನಿಗೆ 51 ಬರುತ್ತೆ, ಜನ ಒಪ್ಪುತ್ತಾರೆ. ಅಷ್ಟೇ ಎತ್ತರದವರು, ಬೀಡಿ ಸೇದಿ 1.9ಕ್ಕೆ ಇಳಿದಿದ್ದರೆ 78. ಆಗ ಯಾರೂ ನಗಲ್ಲ.

ಆದರೆ ಊದು ಸರಿಯಿಲ್ಲದಿದ್ದರೆ ಎಲ್ಲ ದಂಡ. ಮೊದಲ ನಲವತ್ತು ಜನರಲ್ಲಿ ಒಪ್ಪುವಂಥ ಗ್ರಾಫ್ ಕೊಟ್ಟವರು ಹತ್ತೋ ಹನ್ನೆರಡೋ. ತಾತಂದಿರು ಮೂರನೇ ಸೆಕೆಂಡಿಗೇ ನಳಿಗೆಯಿಂದ ಬಾಯಿ ತೆಗೆಯುತ್ತಾರೆ. ಆಗ ಎಫ್‌ವಿಸಿ (ಕೊನೆವರೆಗೆ ಊದಿದ ಒಟ್ಟು ಗಾಳಿ) 2.9 ಬರಬೇಕಾದದ್ದು 2.3ಕ್ಕೆ ನಿಲ್ಲುತ್ತೆ; ಎಫ್‌ಇವಿ1 1.9 ಇದ್ದರೆ, ಅದನ್ನು ಎಫ್‌ವಿಸಿಯಿಂದ ಭಾಗಿಸಿದ ಅನುಪಾತ 0.66ರ ಬದಲು 0.83 ಬಂದು ರೋಗಿ ನಾರ್ಮಲ್ ಆಗಿಬಿಡುತ್ತಾನೆ. ಅದಕ್ಕೇ ಪಕ್ಕದಲ್ಲಿ ನಿಂತು, ಗೆರೆ ಸಮತಟ್ಟಾಗುವವರೆಗೆ, "ಊದ್ರಿ ತಾತಾ, ಇನ್ನಾ ಐತೆ, ಇನ್ನಾ ಐತೆ" ಅಂತ ಕೂಗಲೇಬೇಕು. ಮೂರು ಒಳ್ಳೆಯ ಊದು, ದೊಡ್ಡ ಎರಡರ ನಡುವಿನ ವ್ಯತ್ಯಾಸ 150 ಮಿಲಿ ಒಳಗೆ. ನಂತರ ಸ್ಪೇಸರಿನಲ್ಲಿ (ಪಂಪಿಗೆ ಸಿಕ್ಕಿಸುವ ಡಬ್ಬಿ) ಶ್ವಾಸನಾಳ ಹಿಗ್ಗಿಸುವ ಸಾಲ್ಬುಟಮಾಲ್ 400 ಮೈಕ್ರೋಗ್ರಾಂ, 15 ನಿಮಿಷ ಬಿಟ್ಟು ಮತ್ತೆ. ಬೆನ್ನು ಬಾಗಿದವರಿಗೆ ಎತ್ತರದ ಬದಲು ಚಾಚಿದ ತೋಳಿನ ಅಳತೆ. ಎಪ್ಪತ್ತು ದಾಟಿದವರಲ್ಲಿ ವಯಸ್ಸಿಗೇ ಅನುಪಾತ ಇಳಿದಿರುತ್ತೆ, 0.70ಕ್ಕಿಂತ ಕಡಿಮೆ ಅಂತ ಕಣ್ಣು ಮುಚ್ಚಿ ಸಿಒಪಿಡಿ ಹಣೆಪಟ್ಟಿ ಅಂಟಿಸಬೇಡಿ. ಕಣ್ಣಿನ ಪೊರೆ ತೆಗೆಸಿ ತಿಂಗಳಾಗದವರನ್ನು ಕೂರಿಸಬೇಡಿ; ಎರಡು ವಾರ ಮೀರಿದ ಕೆಮ್ಮಿದ್ದರೆ ಮೊದಲು ಕ್ಷಯಕ್ಕೆ ಕಫ ಪರೀಕ್ಷೆ.

ದುಡ್ಡು ಉಳಿಸಲು ಐದಾರು ರೂಪಾಯಿಯ ರಟ್ಟಿನ ನಳಿಗೆ ತಂದಿದ್ದೆವು. ಎಲೆಅಡಿಕೆ ಬಾಯಿಗೆ ಎರಡೇ ಊದಿಗೆ ನೆನೆದು ಚಪ್ಪಟೆ, ಮೂರನೇ ಊದು ಸೋರಿಕೆ. ಈಗ ತಲೆಗೊಂದು ಪ್ಲಾಸ್ಟಿಕ್ ಫಿಲ್ಟರ್, ನೂರರ ಮೇಲೆ ಬೀಳುತ್ತೆ, ಆದರೆ ಎರಡೆರಡು ಸಲ ಕರೆಸುವ ಖರ್ಚಿಲ್ಲ. ಬಾಯಿ ಮುಕ್ಕಳಿಸಿಯೇ ಕೂರಿಸಬೇಕು. ಬೇಸಿಗೆಯಲ್ಲಿ ಜೀಪಿನಿಂದ ಇಳಿಸಿದ ಕೂಡಲೇ ಕ್ಯಾಲಿಬ್ರೇಷನ್ನಿಗೆ (ಮಿಷನ್ನಿನ ಅಳತೆ ಸರಿ ಇದೆಯಾ ಅಂತ ತಾಳೆ ನೋಡೋದು) ಕೈ ಹಾಕಬೇಡಿ. 3 ಲೀಟರಿನ ಸಿರಿಂಜು, ಮಿಷನ್ನು ಎರಡೂ ಒಂದೇ ಕೋಣೆಯಲ್ಲಿ ಅರ್ಧ ಗಂಟೆ ಕೂತ ಮೇಲೆ ನೋಡಿ. ಉಷ್ಣಾಂಶ ಕೈಯಲ್ಲಿ ತುಂಬುವ ಮಾಡೆಲ್ಲಾದರೆ 25 ಅಂತ ಬಿಡಬೇಡಿ, ನಮ್ಮ ಬಳ್ಳಾರಿಯಲ್ಲಿ ಒಳಗೇ 38 ಇರುತ್ತೆ.

ನಡುವೆ ಊದಿನ ವೇಗವನ್ನಷ್ಟೇ ಅಳೆಯುವ ಅಗ್ಗದ ಪೀಕ್‌ಫ್ಲೋ ಮೀಟರಿನಲ್ಲೂ ನೋಡಿದೆ. ಶುರುವಿನ ರೋಗ ಅದಕ್ಕೆ ಸಿಗಲ್ಲ, ಬಿಟ್ಟೆ. ಉಸಿರಿನ ಕಾರ್ಬನ್ ಮೊನಾಕ್ಸೈಡ್ ಮೀಟರ್ ದುಬಾರಿ, ಆದರೆ ಬಿಟ್ಟ ಎರಡೇ ದಿನಕ್ಕೆ ಅಂಕಿ ಇಳಿದು ತೋರಿಸುತ್ತೆ. ಬೀಡಿ ಬಿಟ್ಟು ಗುಟ್ಕಾ ಹಿಡಿದವರು ಮಾತ್ರ ಅದರಲ್ಲಿ ಜಾರಿಕೊಳ್ಳುತ್ತಾರೆ, ಕೆನ್ನೆ ಒಳಗೆ ನೋಡಿ. ಕಟ್ಟಿಗೆ ಒಲೆಯ ಮುಂದೆ ಕೂತ ಅಜ್ಜಿಯರಲ್ಲೂ ಇದೇ ಗ್ರಾಫ್ ಬಂತು, ಅದರ ಮಾತು ಬೇರೆ.

ಅಂಕಿ ಹೇಳಿದ ಮೇಲೆ ಎಲ್ಲರದೂ ಒಂದೇ ಪ್ರಶ್ನೆ: "ಬಿಟ್ರೆ ವಾಪಸ್ ಬರ್ತೈತೇನ್ರಿ?" ಬರಲ್ಲ ಅಂತಲೇ ಹೇಳುತ್ತೇನೆ. ಚೀಟಿ ಮೇಲೆ ಎರಡು ಇಳಿಜಾರು ಎಳೆಯುತ್ತೇನೆ. ಸೇದದವರಿಗೆ ಎಫ್‌ಇವಿ1 ಇಳಿಯೋದು ವರ್ಷಕ್ಕೆ 25-30 ಮಿಲಿ, ಹೊಗೆ ತಾಗಿದ ಎದೆಗೆ 50-60 ಅಥವಾ ಇನ್ನೂ ಹೆಚ್ಚು. ಬಿಟ್ಟ ದಿನದಿಂದ ಕಡಿದಾದ ಗೆರೆ ನಿಧಾನದ ಗೆರೆಯ ಹಾದಿ ಹಿಡಿಯುತ್ತೆ. ಆ ಅಂಕಿಯನ್ನು ಯಾರ ಎದುರು, ಯಾವ ಹೊತ್ತಿಗೆ ಹೇಳಬೇಕು ಅನ್ನೋ ಗುಟ್ಟು ಸದ್ಯಕ್ಕೆ ನನ್ನಲ್ಲೇ ಇರಲಿ. ನಕ್ಕವರು ಈಗ ಅದನ್ನೇ ಕೇಳಿಕೊಂಡು ಬರುತ್ತಾರೆ.

ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚುವವರಿಗೆ ನಿಕೋಟಿನ್ ಗಮ್ 4 ಮಿಗ್ರಾಂ, ಉಳಿದವರಿಗೆ 2. ಚುರುಕ್ ಅನ್ನುವವರೆಗೆ ಅಗಿದು, ತಂಬಾಕಿನ ಹಾಗೆ ದವಡೆಗೆ ಒತ್ತಿಡೋದು. ಅದನ್ನು ಇಲ್ಲಿ ಯಾರಿಗೂ ಕಲಿಸಬೇಕಿಲ್ಲ. ಕೆಡೋದು ಚಹಾದಿಂದ. ಗಮ್ ಬಾಯಿಗೆ ಹಾಕುವ 15 ನಿಮಿಷ ಮೊದಲಿಂದ ಲೋಟ ಮುಟ್ಟಬಾರದು ಅಂದರೆ ತಾತಂದಿರಿಗೆ ಬೀಡಿಗಿಂತ ಅದೇ ಕಷ್ಟ.